ಬಾತ ರೊಟ್ಟಿ ತಿಂದ ಬಾಗಲಕಾರ

ಕೇಳ್ರಿ ಸಾಹೇಬರ, ಕಿವಿ ಅಗಲ ಮಾಡಿ ಕೇಳ್ರಿ! ಹೋದ ಶುಕ್ರವಾರ ವಿಜಾಪುರದ ಸ್ಟೇಷನ್ ರಸ್ತಾದಾಗ, ಟಾಕೀಜಿನ್ಯಾಗ, ಒಬ್ಬನೇ ಬಾಗಲಾ ಹಿಡದು ನಿಂತಾಂವ ಯಾರು? ಈ ಸಾರವಾಡದ ಗುರಲಿಂಗಪ್ಪ! ಹೊರಗ ಮಂದಿ ಬಡದ್ರು, ಒದ್ದರು, ಕೈ ಮುಗದ್ರು. ಗೋಳಗುಮ್ಮಟ ಬೇಕಾದ್ರ ಅಳ್ಳಾಡೀತು, ನಾ ಅಳ್ಳಾಡಲಿಲ್ಲ!

ನಾನೂ ತಿಕೋಟಾದ ಜಿಲಾನಿನೂ ಟಾಕೀಜಿನ ಜಾಹೀರಾತಿನ ಗಾಡಿ ಮ್ಯಾಲಿನವ್ರು. ಅಂವ ಹಲಗಿ ಬಡೀತಾನ, ನಾ ತಿಕೋಟಾ, ಬಬಲೇಶ್ವರ ಸಂತಿಯೊಳಗ ನಿಂತು ಸಿನಿಮಾದ ಡೈಲಾಗ ಒದರ್ತೇನಿ. ನಾ "ಖಬರ್ದಾರ್!" ಅಂದ್ರ ಬದನಿಕಾಯಿ ಮಾರೋ ಮುದುಕಿ ಸೈತ ತಕ್ಕಡಿ ಕೆಳಗ ಇಡ್ತಾಳ.

ಟಾಕೀಜಿನ ಮಾಲಕ ಸೈಫುದ್ದೀನ ಸಾಹುಕಾರ್ರು ಒಂದಿನ ಇಬ್ರನ್ನೂ ಕರದು ಅಂದ್ರು: "ಮೂರನೇ ಕ್ಲಾಸಿನ ಬಾಗಲಕ್ಕ ಒಬ್ಬ ಗಟ್ಟಿ ಆಳು ಬೇಕು. ಶುಕ್ರವಾರ ಹೊಸಾ ಸಿನಿಮಾ. ಇಬ್ರೂ ಒಂದೊಂದು ಬಾಗಲಾ ಹಿಡೀರಿ. ಗಂಟಿ ಬಾರಿಸೋ ತನಕ ಮಂದೀನ ಯಾರು ತಡೀತಾರೋ ಅವರಿಗೆ ನೌಕರಿ."

ನೌಕರಿ ಅಂದ್ರ ಏನಂತ ತಿಳದೀರಿ? ಖಾಕಿ ಕೋಟು, ಹಿತ್ತಾಳಿ ಗುಂಡಿ, ಮ್ಯಾಲ ಎಲ್ಲಾ ಸಿನಿಮಾ, ಎಲ್ಲಾ ಆಟ ಪುಗಸಟ್ಟೆ! ಅದೊಂದು ಸಿಕ್ರ ನನಗ ಸ್ವರ್ಗಾನೂ ಬ್ಯಾಡ.

ಆದ್ರ ಜಿಲಾನಿ ಎತ್ತಿನಂಥಾಂವ. ಅವ್ರವ್ವ ಪೀರಾಂಬಿ ಕಟ್ಟಿದ ಬುತ್ತಿ ಬಿಚ್ಚಿದ್ರ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ನಮ್ಮವ್ವ ಶಂಕ್ರೆವ್ವ ಕಟ್ಟೋದೂ ಅದ. ಅವ್ರ ಮನ್ಯಾಗ ನಮಾಜು, ನಮ್ಮ ಮನ್ಯಾಗ ಲಿಂಗಪೂಜಿ. ಬುತ್ತಿ ಮಾತ್ರ ಅದಲಿ ಬದಲಿ ಆದ್ರೂ ಗೊತ್ತಾಗಂಗಿಲ್ಲ. ಇಬ್ರೂ ಒಂದ ತಿಂದ್ರ ನಾ ಅವನ್ನ ಹಿಂದ ಹಾಕೋದು ಹೆಂಗ?

ತೆಲಿ ಓಡಿಸಿದೆ. ಸಿನಿಮಾದಾಗ ಸೂಟಿನ ಹೀರೊ ಏನ ತಿಂತಾನ? ಬ್ರೆಡ್ಡು, ಬಿಸ್ಕೀಟು, ಚಾ. ತಿಂದು ತುಟಿ ಒರಸ್ಕೊಂಡು ಎದ್ದಾಂವನ ಹತ್ತು ಮಂದೀನ ನೆಲಕ್ಕ ಹಾಕ್ತಾನ. ಅಂವ ಎಂದಾದ್ರೂ ರೊಟ್ಟಿ ತಿಂದದ್ದು ನೋಡೀರೇನು?

ಅವತ್ತಿನಿಂದ ನನಗ ರೊಟ್ಟಿ ಬಂದ್. ಪ್ಯಾಟಿಯಿಂದ ಬ್ರೆಡ್ಡು, ಲಡಾಯಿ ಮುಗದ ಮ್ಯಾಲ ಉಳದ ಗೋರಾ ಸಿಪಾಯಿಗಳ ಬಿಸ್ಕೀಟಿನ ಡಬ್ಬಿ ತಂದು ಅವ್ವನ ಮುಂದ ಇಟ್ಟೆ. ಅವ್ವ ಬ್ರೆಡ್ಡನ್ನ ಬೆರಳಿಲೇ ಒತ್ತಿ ನೋಡಿದ್ಳು.

"ಯಪ್ಪಾ, ಇದು ಬಾತೈತಲೋ! ಅರ್ಧಾ ಬೇಯಿಸಿ ಕೊಟ್ಟಾನ ಭಾಡ್ಯಾ."

ಅಂದಾಕಿನ ಅದನ್ನ ಅಂಗೈಯಾಗ ಬಡದು ಸಪಾಟ ಮಾಡಿ, ನೀರ ಸವರಿ, ಹಂಚಿನ ಮ್ಯಾಲ ಹಾಕಿದ್ಳು. ಅಂಟಿತು ನೋಡ್ರಿ! ಉಳ್ಳಾಗಡ್ಡಿ ಕೊಯ್ಯೋ ಈಳಿಗಿ ತಂದು ಕೆರದ್ರೂ ಬರವಲ್ದು.

"ಹಂಚನ್ನ ಬಿಡವಲ್ದು, ನಿನ್ನ ಹೊಟ್ಟಿ ಬಿಡತೈತೇನೋ ಮಗನ?"

"ಯವ್ವಾ, ಇದು ಇಂಗ್ಲೀಷ ಖಾನಾ. ನಿನಗ ತಿಳಿಯಂಗಿಲ್ಲ ಸುಮ್ಮನಿರ ಬೇ!"

ಅವ್ವನ ಮಾತು ಖರೇ ಆತು. ಒಳಗ ಹೋದದ್ದು ಒಳಗ ಉಳೀತು. ಮುಂಜಾನೆ ತಂಬಿಗಿ ಹಿಡದು ಜಾಲಿ ಗಿಡದ ಹಿಂದ ಕುಂತ್ರ, ಬಿಸಲ ನೆತ್ತಿಗೆ ಬರೂತನಕ ಕುಂತ ಇರ್ತಿದ್ದೆ. ತುಂಬಿದ ತಂಬಿಗಿ ತುಂಬಿದಂಗ ಮನಿಗೆ ವಾಪಸ್.

ಗಾಡಿ ಮ್ಯಾಲ ಜಿಲಾನಿ ನನ್ನ ಮಾರಿ ನೋಡಿ ನಕ್ಕ. "ಯಾಕಲೇ ಹೀರೊ, ಗಲ್ಲಾ ಬಾತಾವಲಾ? ತಗೋ, ಒಂದ ರೊಟ್ಟಿ ತಿನ್ನು."

"ಹಳ್ಳಿ ಮಂದಿ ಊಟ ನೀನ ತಿನ್ನು. ನಂದು ಲಂಡನ್ ಹೊಟ್ಟಿ."

"ಲಂಡನ್ನಿಗೆ ಹೋಗಾಕ ದಾರಿ ಐತಿ, ಬರಾಕ ಇಲ್ಲ ಕಾಣಸ್ತೈತಿ!"

ಶುಕ್ರವಾರ ಬಂತು. ನನ್ನ ಹೊಟ್ಟಿ ಜಿಲಾನಿ ಹಲಗಿಕಿಂತ ಬಿಗಿ. ಹೊಟ್ಟಿ ಸಡಲಾಗ್ಲಿ ಅಂತ ಅವ್ವ ಒಂದ ಚಮಚೆ ಔಡಲೆಣ್ಣಿ ಕುಡಿಸಿದ್ಳು. ಹೀರೊಗ ಒಂದ ಚಮಚೆ ಎಲ್ಲಿ ಸಾಲತೈತಿ? ಅಕಿ ಹಿಂದ ತಿರಗಿದ ಕೂಡ್ಲೆ ಬಟ್ಟಲಾನ ಎತ್ತಿ ಕುಡದೆ. ಇದ್ದಲಿ ಸುಟ್ಟು ಓಡೋ ಬಸ್ಸು ವಿಜಾಪುರದ ತನಕ ಕುಲುಕಿದ್ರೂ ಹೊಟ್ಟಿ ಗಪ್ಪ.

ಸಂಜಿಕ ಟಾಕೀಜಿನ ಮುಂದ ಜಾತಿ, ಊರು, ಟೋಪಿ, ರುಮಾಲು ಎಲ್ಲಾ ಒಂದ ಆಗಿ ನೂಕಾಕತ್ತಿದ್ವು. ಎಡಕ್ಕ ಜಿಲಾನಿ, ಬಲಕ್ಕ ನಾನು. ಸಾಹುಕಾರ್ರು ನೋಡಾಕತ್ತಾರ. ನಾ ಎದಿ ಉಬ್ಬಿಸಿ ಒದರಿದೆ:

"ಖಬರ್ದಾರ್! ಈ ಹೊಸ್ತಿಲಾ ದಾಟಬೇಕಂದ್ರ ನನ್ನ ಹೆಣದ ಮ್ಯಾಲ..."

ಹೊಟ್ಟ್ಯಾಗ ಗುಡುಗಿತು.

ಆಮ್ಯಾಲೆ ನಾ ಹುಲಿ ಹಂಗ... ಎರಡೂ ಕೈ ಚಾಚಿ...

ಬಿಡ್ರಿ. ಖರೇ ಹೇಳಿಬಿಡ್ತೇನಿ. ಓಡಿದೆ. ಧೋತ್ರ ಹಿಡಕೊಂಡು ಓಡಿದೆ. ನನ್ನ ಬಾಗಲದಾಗಿಂದ ಅರ್ಧಾ ಊರು ತಿಕೀಟಿಲ್ದ ನುಗ್ಗಿ ಫಸ್ಟ್ ಕ್ಲಾಸಿನ ಖುರ್ಚಿ ಮ್ಯಾಲ ಕುಂತು ಕಾಲ ಚಾಚಿತು. ಜಿಲಾನಿ ಗಂಟಿ ಹೊಡಿಯೂತನಕ ಮಿಸುಕಲಿಲ್ಲ. ಖಾಕಿ ಕೋಟು ಅವನ ಮೈಮ್ಯಾಲ ಐತಿ, ಚಲೋನೂ ಕಾಣಸ್ತೈತಿ ಭಾಡ್ಯಾಗ.

ಆದ್ರ ನಾ ಬಾಗಲಾ ಹಿಡದದ್ದು ಸುಳ್ಳಲ್ಲರಿ. ಟಾಕೀಜಿನ ಹಿತ್ತಲದ ಪಾಯಖಾನಿ ಬಾಗಲಾ. ಇರೋದು ಅದೊಂದ. ಇಂಟರ್ವಲ್ಲಿನ್ಯಾಗ ಎಲ್ಲಾರೂ ಬಡದ್ರು, ಸೈಫುದ್ದೀನ ಸಾಹುಕಾರ್ರೂ ಬಡದ್ರು. ಆಟ ಮುಗಿಯೂತನಕ ನಾ ತಗೀಲಿಲ್ಲ.