ಬಾಗಿಲಾಚೆ ತಮ್ಮ

ಹೊಟ್ಟೆಪಾಡಿಗೆ ಅಕ್ಕ ಪರದೆ ಹೊಲಿಯುತ್ತಿದ್ದಳು, ತಮ್ಮ ಕಂಡವರ ಮನೆ ಗೋಡೆಗೆ ಬಣ್ಣ ಬಳಿಯುತ್ತಿದ್ದ. ಐವತ್ತು ದಾಟಿದ ಇಬ್ಬರೂ ಒಂದೇ ಮನೆಯಲ್ಲಿ ಹಾವು ಮುಂಗುಸಿಯಂತೆ ಕಚ್ಚಾಡುತ್ತ, ಆದರೂ ಒಬ್ಬರನ್ನು ಬಿಟ್ಟು ಇನ್ನೊಬ್ಬರು ಉಣ್ಣದೆ ಬದುಕಿದ್ದರು. ಅಪ್ಪ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡಿದ್ದ. ರೋಗ ಗೊತ್ತಾಗುವಷ್ಟರಲ್ಲಿ ಕಾಲ ಮಿಂಚಿತ್ತು.

ಒಂದು ಸಂಜೆ ಅಕ್ಕ ಬಡಾವಣೆಯ ಆರೋಗ್ಯ ಕೇಂದ್ರದಿಂದ ಎರಡು ಪುಟ್ಟ ಡಬ್ಬಿ ತಂದು ಹೊಲಿಗೆ ಯಂತ್ರದ ಮೇಲಿಟ್ಟಳು.

“ಇದೇನು, ಬಣ್ಣದ ಸ್ಯಾಂಪಲ್ಲಾ?” ಎಂದ ತಮ್ಮ.

“ಮಲ ಪರೀಕ್ಷೆಗೆ. ಕಣ್ಣಿಗೆ ಕಾಣದ ರಕ್ತ ಇದ್ರೂ ಗೊತ್ತಾಗುತ್ತಂತೆ. ವಿಮೆ ಇಲ್ಲದೋರಿಗೆ, ಇದ್ದೂ ಸಾಲದೋರಿಗೆ ಪುಕ್ಕಟೆ. ನಿನಗೊಂದು, ನನಗೊಂದು.”

ತಮ್ಮ ಮುಖ ಕಿವುಚಿದ. “ಕಲ್ಲು ತಿಂದು ಕರಗಿಸೋ ಹೊಟ್ಟೆ ನಂದು. ಅದನ್ನ ಹಿಡ್ಕೊಂಡು ಬೀದೀಲಿ ಹೋದ್ರೆ ನನ್ನ ಮಾನ ಏನಾಗ್ಬೇಕು?”

“ನಿನ್ನ ಮಾನ ಈ ಡಬ್ಬೀಲಿ ಹಿಡಿಸೋವಷ್ಟೇ ಇರೋದು. ತುಂಬಿಸಿ ಕೊಡು, ನಾನೇ ಹೊತ್ಕೊಂಡು ಹೋಗ್ತೀನಿ.”

ಗೊಣಗಿ ಗೊಣಗಿ, ಕೊನೆಗೆ ಕಾಗದದಲ್ಲಿ ಸುತ್ತಿದ ಡಬ್ಬಿಯನ್ನು ಮುಖ ತಿರುಗಿಸಿಕೊಂಡೇ ಅವಳ ಚೀಲಕ್ಕೆ ಹಾಕಿದ.

ಮುಂದಿನ ವಾರ ಕೇಂದ್ರದ ನರ್ಸ್ ಫೋನ್ ಮಾಡಿದಳು. ತಮ್ಮನದು ಸರಿಯಿತ್ತು. ಅಕ್ಕನದರಲ್ಲಿ ರಕ್ತದ ಸುಳಿವು ಸಿಕ್ಕಿತ್ತು.

ಅಕ್ಕ ಫೋನಿಟ್ಟು ಮತ್ತೆ ಪರದೆಯ ಅಂಚು ಮಡಚತೊಡಗಿದಳು. “ಮೂಲವ್ಯಾಧಿ ಇರ್ಬೇಕು, ಕೂತೇ ಕೆಲಸ ಮಾಡ್ತೀನಲ್ಲ. ಕರುಳೊಳಗೆ ಕ್ಯಾಮೆರಾ ಬಿಟ್ಟು ನೋಡ್ಬೇಕಂತೆ. ಅದೆಲ್ಲ ನಮ್ಮಂಥೋರಿಗಲ್ಲ. ಬಿಡು.”

ತಮ್ಮ ಮರುದಿನ ಅರ್ಧ ಬಳಿದ ಗೋಡೆಯನ್ನು ಹಾಗೇ ಬಿಟ್ಟು, ಬಣ್ಣ ಮೆತ್ತಿದ ಅಂಗಿಯಲ್ಲೇ ಹೋಗಿ ನರ್ಸ್ ಎದುರು ಕುಳಿತ.

“ಸಿಸ್ಟರ್, ಅಕ್ಕನ ವಿಮೆ ಆಸ್ಪತ್ರೆಗೆ ಸೇರಿದ್ರೆ ಮಾತ್ರ ಬರೋದು. ಈ ಪರೀಕ್ಷೆಗೆ ಬರಲ್ಲ. ನಾವೇನು ಮಾಡೋಣ?”

“ನಡುನೀರಲ್ಲಿ ಕೈಬಿಡೋಕೆ ಡಬ್ಬಿ ಕೊಡ್ತೀವಾ? ಕ್ಯಾಮೆರಾ ಪರೀಕ್ಷೆನೂ ಪುಕ್ಕಟೆನೇ. ಅಕ್ಕನ್ನ ಕರ್ಕೊಂಡು ಬನ್ನಿ, ಅದೊಂದೇ ನಿಮ್ಮ ಕೆಲಸ.”

ಆ ಕೆಲಸವೇ ಕಷ್ಟವಾಯಿತು. “ಏನಾದ್ರೂ ಇದೆ ಅಂದ್ಬಿಟ್ರೆ?” ಎಂದು ಅಕ್ಕ ಮೆಲ್ಲಗೆ ಕೇಳಿದಳು.

“ಇದ್ರೆ ಬೇಗ ಗೊತ್ತಾಗುತ್ತೆ. ಅಪ್ಪನಿಗೆ ಅದೂ ಆಗ್ಲಿಲ್ಲ.”

ಪರೀಕ್ಷೆಯ ಹಿಂದಿನ ಮಧ್ಯಾಹ್ನ ಅಕ್ಕ ಕರುಳು ತೊಳೆಯುವ ಔಷಧಿ ಕುಡಿದು ಕಕ್ಕಸಿಗೂ ಕೋಣೆಗೂ ಓಡಾಡಿದಳು. ತಮ್ಮನೂ ಉಪವಾಸವಿದ್ದು, ಬಾಗಿಲಾಚೆ ಸ್ಟೂಲು ಹಾಕಿಕೊಂಡು ಕುಳಿತ.

“ಲೋ, ಎದ್ದು ಹೋಗೋ. ನಾಚಿಕೆ ಆಗುತ್ತೆ.”

“ಚಿಕ್ಕವನಿದ್ದಾಗ ನನ್ನ ತೊಳೆದೋಳು ನೀನೇ ಅಲ್ವಾ? ಇನ್ನೆಂಥ ನಾಚಿಕೆ? ತಲೆ ಸುತ್ತಿದ್ರೆ ಕೂಗು.”

ಒಳಗಿನಿಂದ ನಗು ಕೇಳಿತು. ನಗು ನಿಂತ ಮೇಲೆ ಮೂಗು ಸೀಟುವ ಸದ್ದೂ ಕೇಳಿತು. ತಮ್ಮ ಕೇಳಿಸದವನಂತೆ ಕೆಲಸದ ಮನೆಯ ಯಜಮಾನತಿಯ ಜಿಪುಣತನದ ಕಥೆ ಶುರು ಮಾಡಿದ.

ಮರುದಿನ ಕ್ಯಾಮೆರಾ ಬಿಟ್ಟು ನೋಡಿದಾಗ ಕರುಳಿನಲ್ಲಿ ಎರಡು ಸಣ್ಣ ಗಂಟುಗಳು ಸಿಕ್ಕವು. ಡಾಕ್ಟರು ಆಗಲೇ ಕತ್ತರಿಸಿ ತೆಗೆದು ಲ್ಯಾಬಿಗೆ ಕಳಿಸಿದರು. ವರದಿ ಬಂದ ದಿನ ಇಬ್ಬರನ್ನೂ ಕೂರಿಸಿಕೊಂಡು, “ಇದು ಕ್ಯಾನ್ಸರ್ ಅಲ್ಲ. ಬಿಟ್ಟಿದ್ರೆ ಮುಂದೆ ಆಗ್ಬಹುದಿತ್ತು. ಕೆಲವು ವರ್ಷ ಬಿಟ್ಟು ಮತ್ತೊಮ್ಮೆ ನೋಡೋಣ, ತಪ್ಪಿಸ್ಬೇಡಿ,” ಎಂದರು.

ಅಕ್ಕ ತಲೆಯಾಡಿಸಿದಳು. ತಮ್ಮ ಥ್ಯಾಂಕ್ಸ್ ಹೇಳಲು ಬಾಯಿ ತೆರೆದ. ಕೊನೆಗೆ ಎರಡೂ ಕೈ ಎತ್ತಿ ಮುಗಿದ.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಅವನ ಭುಜಕ್ಕೆ ಒರಗಿದವಳು ಹಾಗೇ ನಿದ್ದೆಹೋದಳು. ಎಷ್ಟೋ ದಿನದಿಂದ ಬಾರದಿದ್ದ ನಿದ್ದೆ. ಇಳಿಯುವ ನಿಲ್ದಾಣ ಬಂತು. ತಮ್ಮ ಕದಲಲಿಲ್ಲ. ಬಸ್ಸು ಮುಂದಕ್ಕೆ ಹೊರಟಿತು.