ಎರಡನೇ ಪಂಪಿನ ನಡುಕ

ಊರಿಗೆಲ್ಲ ನೀರು ತಳ್ಳುವ ಆ ಪಂಪ್‌ಹೌಸಿನಲ್ಲಿ ಅಡ್ಡಹೆಸರು ಇದ್ದದ್ದು ಇಬ್ಬರಿಗೆ ಮಾತ್ರ. ಒಬ್ಬ ಕಿವಿಮೇಸ್ತ್ರಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಪಂಪಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿದನೆಂದರೆ ಒಳಗಿನ ಬೇರಿಂಗು ಸುಖವಾಗಿದೆಯೋ ಸಂಕಟಪಡುತ್ತಿದೆಯೋ ಹೇಳಿಬಿಡುತ್ತಿದ್ದ. ಇನ್ನೊಬ್ಬಳು ಅಳತೆಯಮ್ಮ. ಟ್ಯಾಂಕಿನಲ್ಲಿ ನೀರೆಷ್ಟು, ಕೊಳವೆಯಲ್ಲಿ ಒತ್ತಡವೆಷ್ಟು ಎಂದು ದಿನವಿಡೀ ಅಳೆಯುವುದು ಅವಳ ಕೆಲಸ. ಮೂವತ್ತು ತುಂಬದ ಹುಡುಗಿಗೆ ಅಂಥ ಮುದುಕಿ ಹೆಸರು ಇಟ್ಟವರು ಯಾರೋ, ಅಂತೂ ಅದೇ ಉಳಿದುಕೊಂಡಿತ್ತು. ಕಿವಿಮೇಸ್ತ್ರಿ ಅವಳ ಸೋದರಮಾವ.

ಆ ತಿಂಗಳು ಮಾವನಿಗೂ ಎರಡನೇ ಪಂಪಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ‘ಇದು ನರಳ್ತಿದೆ’ ಎಂದು ಮಾವ ಒಂದು ಸಲ ಅದನ್ನು ನಿಲ್ಲಿಸಿಯೇಬಿಟ್ಟಿದ್ದ. ಅವಸರದಲ್ಲಿ ಮುಂದಿನ ಬೇರಿಂಗನ್ನಷ್ಟೇ ಬಿಚ್ಚಿ ನೋಡಿ, ಏನೂ ಇಲ್ಲವೆಂದು ಮುಚ್ಚಿದರು. ಅಷ್ಟರೊಳಗೆ ಅರ್ಧ ಊರಿನ ನಲ್ಲಿ ಒಣಗಿ, ಮ್ಯಾನೇಜರ್ ಮೇಲಿನವರಿಂದ ಮಂಗಳಾರತಿ ಮಾಡಿಸಿಕೊಂಡಿದ್ದರು. ಮೂರು ವಾರ ಕಳೆದು ಮಾವ ಮತ್ತೆ ಅದೇ ರಾಗ ತೆಗೆದ.

ಮ್ಯಾನೇಜರ್ ಕೆಟ್ಟವರಲ್ಲ, ಹೆದರಿದವರು. ಅಳತೆಯಮ್ಮನನ್ನು ಕರೆದು, “ನೋಡಮ್ಮ, ನಡುಕ ಅಳೆಯೋ ಯಂತ್ರ ತರಿಸಿದೀನಿ. ಮೂರು ಪಂಪಿಗೂ ಇಟ್ಟು ನೋಡು. ಏನಾದ್ರೂ ಇದ್ದರೆ ಬಿಚ್ಚಿಸ್ತೀನಿ. ಇಲ್ಲಾಂದ್ರೆ ನಿಮ್ಮ ಮಾವನ ಕಿವಿಗೆ ವಯಸ್ಸಾಯ್ತು ಅಂತ ಅರ್ಥ. ರಿಟೈರ್ ಆಗೋಕೆ ಉಳಿದ ಎರಡು ವರ್ಷ ಸ್ಟೋರಲ್ಲಿ ಕೂತ್ಕೊಳ್ಳಲಿ” ಎಂದರು.

ಯಂತ್ರವೆಂದರೆ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ. ಪಂಪಿನ ಮೈಗೆ ಅಂಟಿಸಿದರೆ ಅದರ ನಡುಕವನ್ನು ಸೆಕೆಂಡಿಗೆ ಸಾವಿರ ಸಲ ಬರೆದುಕೊಳ್ಳುತ್ತದೆ. ಈ ಕಡೆ ನಡುಗಿದರೆ ಸೊನ್ನೆಯ ಮೇಲಿನ ಅಂಕಿ, ಆ ಕಡೆ ನಡುಗಿದರೆ ಸೊನ್ನೆಯ ಕೆಳಗಿನ ಅಂಕಿ. ಅಳತೆಯಮ್ಮ ಒಂದೊಂದು ಪಂಪಿಗೂ ಹತ್ತು ನಿಮಿಷ ಇಟ್ಟಳು. ಬಂದ ಲಕ್ಷಾಂತರ ಅಂಕಿಗಳನ್ನು ಕಂಪ್ಯೂಟರಿನಲ್ಲಿ ತನ್ನ ಹಳೆಯ ಹಾಳೆಗೆ ಸುರಿದಳು. ಆರು ವರ್ಷದಿಂದ ಟ್ಯಾಂಕಿನ ನೀರಿಗೆ ಬಳಸಿದ ಹಾಳೆ ಅದು: ಎಲ್ಲವನ್ನೂ ಕೂಡುತ್ತದೆ, ಎಷ್ಟಿವೆಯೋ ಅಷ್ಟರಿಂದ ಭಾಗಿಸುತ್ತದೆ, ಸರಾಸರಿ ಕೊಡುತ್ತದೆ. ಒಂದು ದಿನವೂ ಕೈಕೊಟ್ಟದ್ದಿಲ್ಲ.

ಮೊದಲ ಪಂಪು, ಸೊನ್ನೆ. ಎರಡನೆಯದು, ಸೊನ್ನೆ. ಮೂರನೆಯದೂ ಸೊನ್ನೆ.

ಓಡುವ ಪಂಪು ಸೊನ್ನೆ ನಡುಗುವುದುಂಟೇ ಎಂದು ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಬೆನ್ನ ಹಿಂದೆ ಮ್ಯಾನೇಜರ್ ನಿಂತಿದ್ದರು, ಮೂರೂ ಒಂದೇ ಎಂಬುದು ಕಣ್ಣಿಗೆ ಹಿತವಾಗಿತ್ತು, ಹಾಳೆ ತನ್ನದೇ ಆಗಿತ್ತು. ನುರಿತ ಕೈ ಎಡವುವುದು ಇಂಥ ಸಲೀಸಾದ ದಾರಿಯಲ್ಲೇ.

ಮಾವ ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದ. “ಏನಂತೆ?”

“ಮೂರೂ ಒಂದೇ ಮಾವ. ಏನೂ ಇಲ್ಲ.”

ಮ್ಯಾನೇಜರ್ ಜೊತೆಗಾದರೆ ಅವನು ಜಗಳಕ್ಕೆ ಬೀಳುತ್ತಿದ್ದ, ಅದು ಎಲ್ಲರಿಗೂ ಗೊತ್ತು. ಅವಳ ಮುಖವನ್ನೇ ಒಂದು ಗಳಿಗೆ ನೋಡಿದ.

“ನೀನೇ ಅಳೆದಿದ್ದಾ?”

“ಹೂಂ, ನಾನೇ.”

“ಹಾಗಾದ್ರೆ ಸರಿ” ಎಂದು ಹೊರಟುಹೋದ. ಮರುದಿನದಿಂದ ಸ್ಟೋರಿನಲ್ಲಿ ರಬ್ಬರ್ ಉಂಗುರಗಳನ್ನು ಗಾತ್ರದ ಪ್ರಕಾರ ವಿಂಗಡಿಸುವ ಕೆಲಸ ಅವನದಾಯಿತು. ಸ್ಕ್ರೂಡ್ರೈವರು ಅಲ್ಲೇ ಮೊಳೆಗೆ ನೇತುಬಿದ್ದಿತು. ಹಿತ್ತಲ ಗಿಡ ಮದ್ದಲ್ಲ ಎಂದು ಯಾರೋ ಗೊಣಗಿದರು.

ಶನಿವಾರ ಮಧ್ಯಾಹ್ನ ಅಳತೆಯಮ್ಮ ಮಾವನ ಮನೆಗೆ ಹೋದಳು. ಹೋಗದಿದ್ದರೆ ಮನಸ್ಸು ಕೇಳುತ್ತಿರಲಿಲ್ಲ, ಹೋದರೆ ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಮಾವ ಮನೆಯಲ್ಲಿಲ್ಲ ಎಂದು ತಿಳಿದಾಗ ನಿಜಕ್ಕೂ ಹಗುರವೇ ಆಯಿತು. ಮಾವನ ಮಗಳು ನಾಲ್ಕು ತಿಂಗಳ ಕೂಸಿನೊಂದಿಗೆ ತವರಿಗೆ ಬಂದಿದ್ದಳು, ಒಳಗೆ ಮಲಗಿ ನಿದ್ದೆ ತೀರಿಸಿಕೊಳ್ಳುತ್ತಿದ್ದಳು. ಅತ್ತೆ ಆ ಕೂಸನ್ನು ಹೆಗಲಿಗೆ ಹಾಕಿಕೊಂಡು ಮುಂಬಾಗಿಲಿನಿಂದ ಹಿಂಬಾಗಿಲಿಗೆ, ಹಿಂಬಾಗಿಲಿನಿಂದ ಮುಂಬಾಗಿಲಿಗೆ ನಡೆಯುತ್ತಿದ್ದಳು. ನಿಂತರೆ ಕೂಸು ಕಿರುಚುತ್ತಿತ್ತು.

“ಮಾವ ಎಲ್ಲಿ ಅತ್ತೆ?”

“ಕಿವಿ ಡಾಕ್ಟರ ಹತ್ರ ಹೋಗಿದಾರೆ.” ಅತ್ತೆ ದನಿ ತಗ್ಗಿಸಿದಳು. “ಏನಾಗಿದೆಯೋ ಕಣೇ ಅವರಿಗೆ. ಮಗು ಮನೆ ಸೂರು ಹಾರಿಹೋಗೋ ಹಾಗೆ ಅಳ್ತಿರತ್ತೆ, ನನ್ನ ಹತ್ರ ಬಂದು ‘ನಿಜವಾಗ್ಲೂ ಅಳ್ತಿದ್ಯಾ?’ ಅಂತಾರೆ. ಬಾಗಿಲು ಬಡಿದ್ರೆ ಎದ್ದು ಹೋಗಲ್ಲ, ನನ್ನ ಮುಖ ನೋಡ್ತಾರೆ. ಕಿವಿ ಕೇಳತ್ತೆ. ಕೇಳಿದ್ದನ್ನ ನಂಬಲ್ಲ.”

ಅಳತೆಯಮ್ಮನಿಗೆ ಅರ್ಥವಾಯಿತು. ಮಾವನಿಗೆ ಕೆಲಸ ಹೋದದ್ದು ಬೇರೆ, ಕಿವಿಯೇ ಹೋದದ್ದು ಬೇರೆ. ಕಿತ್ತುಕೊಂಡವಳು ತಾನೇ. ಅಳೆದವಳು ತಾನು ಎಂದೇ ಅವನು ನಂಬಿದ್ದು.

“ಕೊಡಿ ಅತ್ತೆ, ಸ್ವಲ್ಪ ಹೊತ್ತು ನಾನು ಎತ್ಕೊಳ್ತೀನಿ. ಎಷ್ಟು ಹೊತ್ತಿಂದ ನಡೀತಿದೀರಿ?”

“ಬೆಳಗಿಂದ. ಎಲ್ಲಿಗೆ ಹೋದೆ ಅಂದ್ರೆ ಎಲ್ಲಿಗೂ ಇಲ್ಲ, ಇದ್ದ ಜಾಗದಲ್ಲೇ ಇದೀನಿ. ಹೋದಷ್ಟೂ ವಾಪಸ್ ಬಂದಿದೀನಲ್ಲ!” ಅತ್ತೆ ಕೂಸನ್ನು ದಾಟಿಸಿ ಮಣೆಯ ಮೇಲೆ ಕುಸಿದಳು. “ಆದ್ರೆ ಈ ಮಂಡಿಗಳನ್ನ ಕೇಳು. ಅವು ಹೋದದ್ದನ್ನೂ ಲೆಕ್ಕ ಹಿಡಿದಿವೆ, ಬಂದದ್ದನ್ನೂ ಹಿಡಿದಿವೆ.”

ಅಳತೆಯಮ್ಮ ಕೂಸನ್ನು ಹೊತ್ತು ನಾಲ್ಕು ಹೆಜ್ಜೆ ಹಾಕಿ ನಿಂತಳು. ಕೂಸು ಕಿರುಚಿತು. ಅವಳಿಗೆ ಕೇಳಿಸಲಿಲ್ಲ.

ಹೋದಷ್ಟೂ ವಾಪಸ್ ಬಂದರೆ ಕೂಡಿ ಕಳೆದು ಸೊನ್ನೆ. ಪಂಪೂ ಅಷ್ಟೇ: ಈ ಕಡೆ ಎಷ್ಟು ನಡುಗಿತೋ ಆ ಕಡೆಯೂ ಅಷ್ಟೇ ನಡುಗುತ್ತದೆ, ಮೆಲ್ಲಗೆ ನಡುಗಿದರೂ, ಹುಚ್ಚು ಹಿಡಿದವರಂತೆ ನಡುಗಿದರೂ ಸರಾಸರಿ ಸೊನ್ನೆಯೇ. ಟ್ಯಾಂಕಿನ ನೀರು ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ, ಅದಕ್ಕೆ ಆ ಹಾಳೆ ಸರಿ. ನಡುಕಕ್ಕೆ ಬೇಕಾದದ್ದು ಮಂಡಿಯ ಲೆಕ್ಕ. ಪ್ರತಿ ಅಂಕಿಯನ್ನೂ ಅದರಿಂದಲೇ ಗುಣಿಸಬೇಕು, ಆಗ ಕೆಳಗಿನದೂ ಮೇಲಿನದಾಗುತ್ತದೆ, ಒಂದನ್ನೊಂದು ನುಂಗುವುದಿಲ್ಲ. ಆಮೇಲೆ ಕೂಡಬೇಕು. ಪುಸ್ತಕದ ಭಾಷೆಯಲ್ಲಿ ಸಿಗ್ನಲ್ಲಿನ, ಅಂದರೆ ಇಂಥ ಏರಿಳಿತದ ಸಾಲಿನ, ಎನರ್ಜಿ ಎಂದರೆ ಇದೇ. ಕಾಲೇಜಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಒಳ್ಳೆಯ ಅಂಕವನ್ನೂ ತೆಗೆದುಕೊಂಡಿದ್ದಳು! ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

“ಅತ್ತೆ, ಮಗು ಹಿಡ್ಕೊಳ್ಳಿ.”

“ಈಗ ತಾನೇ ಕೊಟ್ಟೆನಲ್ಲೇ!”

ಹಿಂದಿರುಗಿ ನೋಡದೆ ಕಚೇರಿಗೆ ಓಡಿದಳು. ಅಂಕಿಗಳೆಲ್ಲ ಹಾಗೇ ಇದ್ದವು, ಬದಲಾಯಿಸಬೇಕಾದದ್ದು ಒಂದೇ ಸಾಲು. ಒಂದನೇ ಪಂಪಿಗೂ ಮೂರನೆಯದಕ್ಕೂ ಹೆಚ್ಚುಕಡಿಮೆ ಒಂದೇ ಮೊತ್ತ ಬಂತು. ಎರಡನೆಯದರದ್ದು ಅವುಗಳ ಹನ್ನೊಂದು ಪಟ್ಟು. ಅವಳು ಕುರ್ಚಿಯಲ್ಲಿ ಕೂತಲ್ಲೇ ಅತ್ತಳು, ಸಂತೋಷಕ್ಕೋ ಸಂಕಟಕ್ಕೋ ಅವಳಿಗೇ ತಿಳಿಯಲಿಲ್ಲ.

ಕೂಡಲೇ ಮ್ಯಾನೇಜರಿಗೆ ಫೋನು ಮಾಡಿದಳು. ಹೊಸ ಯಂತ್ರ, ಏನೋ ಕೆಟ್ಟಿತ್ತು ಎನ್ನಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಮಾತು ತನಗೇ ಅನ್ವಯಿಸುವುದು ಅವಳಿಗೆ ಬೇಡವಾಗಿತ್ತು.

“ಲೆಕ್ಕ ನಾನು ತಪ್ಪು ಮಾಡಿದ್ದು ಸರ್. ಯಂತ್ರ ಸರಿಯಿದೆ, ಮಾವನ ಕಿವೀನೂ ಸರಿಯಿದೆ.”

ಮ್ಯಾನೇಜರ್ ಕೇಳಿದರು: “ಸೋದರಮಾವ ಅಂತ ಹೇಳ್ತಿಲ್ಲ ತಾನೇ?”

“ಆವತ್ತು ಮುಂದಿನದನ್ನಷ್ಟೇ ನೋಡಿದ್ದು, ಈ ಸಲ ಹಿಂದಿನ ಬೇರಿಂಗ್ ಬಿಚ್ಚಿಸಿ. ಸುಳ್ಳಾದ್ರೆ ನನ್ನನ್ನೂ ಸ್ಟೋರಿಗೇ ಹಾಕಿ.”

ಭಾನುವಾರ ಬೆಳಿಗ್ಗೆ, ಊರಿಗೆ ಮುಂಚೆಯೇ ತಿಳಿಸಿ, ಎರಡನೇ ಪಂಪನ್ನು ನಿಲ್ಲಿಸಿದರು. ಹಿಂದಿನ ಬೇರಿಂಗಿನಲ್ಲಿ ಗುಂಡುಗಳನ್ನು ಹಿಡಿದಿಡುವ ಬಳೆ ಎರಡು ಕಡೆ ಬಿರುಕು ಬಿಟ್ಟಿತ್ತು. ಇನ್ನೊಂದು ವಾರ ಹೀಗೇ ಓಡಿದ್ದರೆ ಪಂಪೇ ಮುರಿಯುತ್ತಿತ್ತು ಎಂದು ಬಿಚ್ಚಿದವರು ಹೇಳಿದರು. ಮ್ಯಾನೇಜರ್ ಆ ಬಿರುಕಿನ ಮೇಲೆ ಬೆರಳಾಡಿಸಿ, ಮೇಸ್ತ್ರಿಯನ್ನು ಕರೆತರಲು ತಾವೇ ಹೋದರು.

ಮಾವ ಬಂದ. ಅಳತೆಯಮ್ಮ ಎಲ್ಲರ ಎದುರಿಗೇ ತಪ್ಪೊಪ್ಪಿಕೊಂಡಳು, ಕೂಡಿದ್ದು ಹೇಗೆ, ಕೂಡಬೇಕಿದ್ದದ್ದು ಹೇಗೆ, ಅತ್ತೆಯ ಮಂಡಿಯ ಸಮೇತ. ಮಾವ “ಆಯ್ತು ಬಿಡು, ಮನುಷ್ಯರ ಕೈಲಾಗೋದೇ” ಎಂದ. ಕೋಪವಿರಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

ಹೊಸ ಬೇರಿಂಗು ಕೂರಿಸಿ ಪಂಪು ಶುರು ಮಾಡಿದರು. ಯಾರೋ ಸ್ಟೋರಿನಿಂದ ಸ್ಕ್ರೂಡ್ರೈವರು ತಂದು ಅವನ ಕೈಗಿಟ್ಟರು. ಮಾವ ತುದಿಯನ್ನು ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿದ. ತುಂಬ ಹೊತ್ತಿನ ಮೇಲೆ ಕಣ್ಣು ತೆರೆದ. ಅಳತೆಯಮ್ಮನ ಕಂಪ್ಯೂಟರಿನ ಕಡೆ ನೋಡಿದ.

“ಅದ್ರಲ್ಲಿ ಏನು ಬರ್ತಿದೆ?”

ಪರದೆಯ ಮೇಲೆ ಅಂಕಿ ಬಂದಿತ್ತು, ಒಳ್ಳೆಯ ಅಂಕಿಯೇ. ಅವಳು ಅದನ್ನು ಓದಲಿಲ್ಲ. ಕಂಪ್ಯೂಟರ್ ಮುಚ್ಚಿದಳು.

“ನೀನು ಹೇಳು ಮಾವ.”

“ನೀನು ಮೊದ್ಲು ಹೇಳು, ಆಮೇಲೆ ನಾನು...”

“ಇಲ್ಲ. ನೀನು ಹೇಳೋವರೆಗೆ ಇದನ್ನ ತೆಗೆಯಲ್ಲ. ಸಂಜೆಯಾದ್ರೂ ಸರಿ, ಇಲ್ಲೇ ನಿಂತಿರ್ತೀನಿ.”

ಮಾವ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ಒತ್ತಿದ. ಮತ್ತೆ ಬಗ್ಗಿ ಕಿವಿಗೊಟ್ಟ. ಈ ಸಲ ಕಣ್ಣು ಮುಚ್ಚಲಿಲ್ಲ, ಗೋಡೆಯನ್ನು ದಿಟ್ಟಿಸುತ್ತ ಕೇಳಿದ. ಮ್ಯಾನೇಜರ್ ಏನೋ ಹೇಳಹೋದರು, ಅಳತೆಯಮ್ಮ ಕೈಯೆತ್ತಿ ತಡೆದಳು.

“ಚೆನ್ನಾಗಿದೆ” ಎಂದ ಮಾವ, ಯಾರಿಗೂ ಕೇಳಿಸದ ಹಾಗೆ.

“ಏನು ಮಾವ?”

“ಚೆನ್ನಾಗಿದೆ ಅಂದೆ.”

“ಇನ್ನೊಂದು ಸಲ ಹೇಳು.”

“ಚೆನ್ನಾಗಿದೆ ಅಂತ ಹೇಳಿದ್ನಲ್ಲೇ, ಎಷ್ಟು ಸಲ ಬಡ್ಕೋಬೇಕು? ನಿನಗೇನು ಕಿವಿ ಕೇಳಲ್ವಾ?” ಎಂದು ಮಾವ ಪಂಪ್‌ಹೌಸು ಹಾರಿಹೋಗುವಂತೆ ಗದರಿದ.

ಅಳತೆಯಮ್ಮ ವರದಿಯ ಪುಸ್ತಕ ತೆರೆದಳು. ಎರಡನೇ ಪಂಪಿನ ಎದುರು ‘ಚೆನ್ನಾಗಿದೆ, ಮೇಸ್ತ್ರಿ ಕೇಳಿ ಹೇಳಿದ್ದು’ ಎಂದು ಬರೆದು ಸಹಿ ಹಾಕಿದಳು. ಆಮೇಲೆ ಕಂಪ್ಯೂಟರ್ ತೆರೆದು ಅಂಕಿಯನ್ನು ಅದರ ಕೆಳಗಿನ ಸಾಲಿನಲ್ಲಿ ತುಂಬಿದಳು.