ಡಾನ್ ಝಾಕಿ ವಂಶಾವಳಿ ಹೇಳಿದ್ದು

"ಹೆಂಗಸರು ಜುಟ್ಟು ಹಿಡಿದು ಜಗಳ ಆಡಿದ್ರೆ ಜನ ನೋಡ್ತಾರೆ, ಎದಿಸಾ. ಕೂತು ಮಾತಾಡಿದ್ರೆ ಯಾರು ನೋಡ್ತಾರೆ? ಅದನ್ನ ಅವರವರ ಮನೇಲೇ ಬಿಟ್ಟಿ ಕೇಳ್ತಿರ್ತಾರಲ್ಲ!"

ಹೀಗೆಂದು ತನ್ನ ಮಾತಿಗೆ ತಾನೇ ನಕ್ಕವನು ಮುವೊಂಗೆ. ನಮ್ಮ ಚಾನೆಲ್ಲಿನಲ್ಲಿ ಯಾವ ಕಾರ್ಯಕ್ರಮ ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವವನು ಅವನೇ. ನಾನು 'ಚಾಪೆ ಮಾತು' ಕಾರ್ಯಕ್ರಮದ ನಿರ್ಮಾಪಕಿ. ಗುರುವಾರ ಬೆಳಿಗ್ಗೆ, ಕಂಪಾಲದ ಹೆಂಗಸರು ಮಕ್ಕಳನ್ನು ಶಾಲೆಗೆ ಅಟ್ಟಿ ಮಧ್ಯಾಹ್ನದ ಬಾಳೆಕಾಯಿ ಸುಲಿಯಲು ಕೂರುವ ಹೊತ್ತಿಗೆ, ನಮ್ಮ ನಿರೂಪಕಿ ನಾಲೊಂಗೊ, ಸ್ಟುಡಿಯೋದಲ್ಲಿ ಚಾಪೆ ಹಾಸಿ ಮಾತಿಗೆ ಕೂರುತ್ತಿದ್ದಳು. ನಾಲೊಂಗೊ ಎನ್ನುವುದು ಅವಳ ಹೆಸರಲ್ಲ. ಅವಳಿ ಮಕ್ಕಳನ್ನು ಹೆತ್ತವಳನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ಆಮೇಲೆ ಹುಟ್ಟುಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಅವಳ ಹೆಸರು ಪೆರೂಸಿ ಎಂದು ಆಫೀಸಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ ಇರಬೇಕು.

ಮೊದಮೊದಲು ಅಡುಗೆ ಎಣ್ಣೆಯವರು, ಸೋಪಿನವರು ಜಾಹೀರಾತಿಗೆ ಸಾಲು ನಿಲ್ಲುತ್ತಿದ್ದರು. ಈಗ ಹೊಟ್ಟೆನೋವಿನ ಬೇರಿನ ಪುಡಿ ಮಾರುವವನೊಬ್ಬ ಉಳಿದಿದ್ದ. ನಮ್ಮ ಒಳ್ಳೆಯ ದೀಪಗಳನ್ನು ಫುಟ್‌ಬಾಲ್ ಚರ್ಚೆಯವರು ಒಯ್ದಿದ್ದರು. ಎದುರಿನ ಚಾನೆಲ್ಲಿನಲ್ಲಿ ಅದೇ ಹೊತ್ತಿಗೆ ತುಂಡುಬಟ್ಟೆಯ ಹುಡುಗಿಯರು ಒಬ್ಬರ ಮೇಲೊಬ್ಬರು ನೀರು ಎರಚಿಕೊಂಡು ಬೈದಾಡುವ ಕಾರ್ಯಕ್ರಮವಿತ್ತು. ಅದನ್ನು ನಡೆಸುವವನು ಗಂಡಸು.

"ನಾಲೊಂಗೊಳ ನಲವತ್ತಾರರ ಮುಖ ಯಾರಿಗೆ ಬೇಕು ಹೇಳು," ಎಂದ ಮುವೊಂಗೆ. ಅವನಿಗೆ ಐವತ್ತೆಂಟು. "ಆದ್ರೂ ಒಂದು ದಾರಿ ಇದೆ. ಶನೀತಾನ ಕರೆಸು."

ದಾರಿ ಏನೆಂದು ಕೇಳಿದ ಮೇಲೆ ನನಗೆ ಕಾಫಿ ರುಚಿಸಲಿಲ್ಲ. ಶನೀತಾ ಇನ್ನೂ ಎಳೆಯ ಹಾಡುಗಾರ್ತಿ. ಡಾನ್ ಝಾಕಿ ಎಂದು ಮೆರೆಯುವ ಸಂಗೀತ ನಿರ್ಮಾಪಕನೊಬ್ಬ ಅವಳ ಹಾಡುಗಳನ್ನು ತನ್ನ ಸ್ಟುಡಿಯೋದಲ್ಲಿ ಮುದ್ರಿಸಿಕೊಂಡು, ಬಿಡುಗಡೆ ಆಗಬೇಕಾದರೆ ಲಾಡ್ಜಿಗೆ ಬಾ ಎಂದಿದ್ದ. ಅವಳು ಹೋಗಲಿಲ್ಲ. ಹೋಗಲಿಲ್ಲ ಎಂಬುದನ್ನು ರೇಡಿಯೋದಲ್ಲೂ ಹೇಳಿಬಿಟ್ಟಳು. ಆವತ್ತಿನಿಂದ ಅವಳ ದನಿ ಯಾವ ರೇಡಿಯೋದಲ್ಲೂ ಇಲ್ಲ, ಯಾವ ವೇದಿಕೆಯಲ್ಲೂ ಇಲ್ಲ. ಈಗ ಡಾನ್ ಝಾಕಿ ದೊಡ್ಡ ಮನಸ್ಸು ಮಾಡಿದ್ದನಂತೆ. ನೇರಪ್ರಸಾರದಲ್ಲಿ ಅವಳು ಮೊಣಕಾಲೂರಿ, ನಾನು ಹೇಳಿದ್ದು ಸುಳ್ಳು ಎಂದರೆ ಸಾಕು. ಹಾಡು ಬಿಡುತ್ತಾನೆ, ನಮ್ಮ ಚಾನೆಲ್ಲಿಗೆ ಜಾಹೀರಾತನ್ನೂ ಕೊಡುತ್ತಾನೆ. ಇಲ್ಲವಾದರೆ ಮುಂದಿನ ವಾರದಿಂದ ನಮ್ಮ ಜಾಗದಲ್ಲಿ ಹಾಸ್ಯಗಾರರ ಅಡುಗೆ ಸ್ಪರ್ಧೆ.

ಎಲ್ಲವನ್ನೂ ಹೋಗಿ ನಾಲೊಂಗೊಗೆ ಹೇಳಿದೆ.

"ಇಬ್ಬರನ್ನೂ ಕರೆಸು," ಎಂದಳು.

"ಹುಚ್ಚಾ ನಿನಗೆ? ಆ ಮಗು ಕೈಲಿ ಸುಳ್ಳು ಹೇಳಿದೆ ಅಂತ ಹೇಳಿಸ್ತೀಯಾ?"

"ನಾವು ಬೇಡ ಅಂದ್ರೆ ಎದುರಿನ ಚಾನೆಲ್‌ನವನು ಕರೆಸ್ತಾನೆ. ನೀರೂ ಎರಚಿಸ್ತಾನೆ. ಬರಲಿ. ಆ ಮಾತು ಅವಳ ಬಾಯಲ್ಲಿ ಬರದ ಹಾಗೆ ನಾನು ನೋಡ್ಕೋತೀನಿ."

"ಹೇಗೆ?"

"ಗೊತ್ತಿಲ್ಲ ಕಣೇ. ಇನ್ನೂ ಗುರುವಾರ ಆಗಿಲ್ವಲ್ಲ."

ಶನೀತಾಳನ್ನು ನಾನೇ ಫೋನಿನಲ್ಲಿ ಮಾತಾಡಿಸಿದೆ. ಅವಳು ಅಳಲೂ ಇಲ್ಲ, ಬೈಯಲೂ ಇಲ್ಲ. "ಮೊಣಕಾಲೂರೋದು ನನಗೇನು ಹೊಸದಾ ಆಂಟಿ? ಬೆಳಿಗ್ಗೆ ಎದ್ರೆ ಅಪ್ಪನಿಗೆ ಊರ್ತೀನಿ, ಬೀದೀಲಿ ಸಿಕ್ಕ ಮುದುಕರಿಗೆಲ್ಲ ಊರ್ತೀನಿ. ಸುಳ್ಳು ಹೇಳ್ದೆ ಅಂತ ಒಪ್ಕೊಳ್ಳೋದೇ ಗಂಟಲಲ್ಲಿ ಇಳೀತಿಲ್ಲ. ಅಮ್ಮ ಮಾತ್ರ ಹೇಳಿ ಮುಗಿಸ್ಬಿಡು ಅಂತಾಳೆ."

ಗುರುವಾರ ಬಂತು. ಮಗಳ ಯೂನಿಫಾರ್ಮಿನ ಗುಂಡಿ ಹೊಲಿದು, ಮಗನ ಜ್ವರ ಮುಟ್ಟಿ ನೋಡಿ, ಬಾಡಿಗೆ ಬೈಕು ಬೋಡಾ ಹತ್ತಿ ನಾನು ಸ್ಟುಡಿಯೋ ಸೇರುವಾಗ ಡಾನ್ ಝಾಕಿ ಆಗಲೇ ಬಂದಿದ್ದ. ಕ್ಲಬ್ಬಿನ ಪೋಸ್ಟರುಗಳಲ್ಲಿ ಕಪ್ಪು ಕನ್ನಡಕ, ಚಿನ್ನದ ಸರ ಹಾಕಿಕೊಂಡು ನಿಲ್ಲುವವನು ಇವತ್ತು ಮದುವೆಯ ಹಿರಿಯರ ಹಾಗೆ ಬಿಳಿ ಕಾನ್ಸು ನಿಲುವಂಗಿ, ಮೇಲೆ ಕೋಟು ತೊಟ್ಟಿದ್ದ. ಅದು ಮುವೊಂಗೆಯ ಸಲಹೆ.

"ಮರ್ಯಾದಸ್ಥ ಮುಗಾಂಡ, ನಮ್ಮ ನಾಡಿನ ಗಂಡಸು ಅಂತ ಜನ ನೋಡ್ಲಿ, ಸೆಬೊ," ಎಂದು ಮುವೊಂಗೆ, ಸ್ವಾಮಿ ಎನ್ನುವಷ್ಟು ಮರ್ಯಾದೆಯಿಂದ, ಅವನ ಕಾಲರ್ ಸರಿಮಾಡುತ್ತಿದ್ದ. "ಶುರೂನಲ್ಲೇ ವಂಶಾವಳಿ ಹೇಳ್ಬಿಡಿ. ಅಪ್ಪ, ಅಜ್ಜ, ಕುಲದ ಬೆಡಗು, ಎಲ್ಲಾ. ಇವನು ಬೀದಿಯವನಲ್ಲ, ಬೇರಿರೋ ಮನುಷ್ಯ ಅಂತ ಆಮೇಲೆ ಯಾರೂ ಬಾಯಿ ತೆಗೆಯಲ್ಲ."

"ನನಗೆ ಬಾಯಿಪಾಠ," ಎಂದ ಡಾನ್ ಝಾಕಿ. "ಅಜ್ಜ ಬೆತ್ತ ಹಿಡಿದು ಕಲಿಸಿದ್ರು."

ಪ್ರೇಕ್ಷಕರಾಗಿ ನಕಸೆರೊ ಮಾರುಕಟ್ಟೆಯ ಹೆಂಗಸರನ್ನು ಕರೆಸಿದ್ದೆವು. ಡಾನ್ ಝಾಕಿಗೆ ಮಾತ್ರ ಕುರ್ಚಿ. ನಾಲೊಂಗೊ ಚಾಪೆಯ ಒಂದು ಬದಿಗೆ, ಶನೀತಾ ಇನ್ನೊಂದು ತುದಿಗೆ ಕಾಲು ಮಡಚಿ ಕೂತಿದ್ದರು. ನಾನು ಕಂಟ್ರೋಲ್ ರೂಮಿನಲ್ಲಿ, ಬೆನ್ನ ಹಿಂದೆ ಮುವೊಂಗೆ.

ನಾಲೊಂಗೊ ಮೊಣಕಾಲೂರಿ ಅತಿಥಿಯ ಕ್ಷೇಮ ಕೇಳಿದಳು. ಮನೆ ಹೇಗಿದೆ, ಮಕ್ಕಳು ಹೇಗಿದ್ದಾರೆ, ಊರು ಹೇಗಿದೆ. ಅವನು ಕುರ್ಚಿಯಲ್ಲಿ ಒರಗಿ ಹೂಂಗುಟ್ಟಿದ.

"ನೋಡು ನೋಡು," ಎಂದು ಮುವೊಂಗೆ ನನ್ನ ಭುಜ ತಟ್ಟಿದ. "ಹೆಣ್ಣು ಅಂದ್ರೆ ಹೀಗಿದ್ರೆ ಚಂದ."

"ಸೆಬೊ, ಜನಕ್ಕೆ ನಿಮ್ಮ ಪರಿಚಯ ಹೇಳಿ," ಎಂದಳು ನಾಲೊಂಗೊ, ಇನ್ನೂ ಮೊಣಕಾಲಿನ ಮೇಲೇ.

ಡಾನ್ ಝಾಕಿ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. "ನನ್ನನ್ನ ಡಾನ್ ಝಾಕಿ ಅಂತೀರಿ. ನಾನು ಝಕರಿಯಾ. ಯೊನಸಾನಿಯ ಮಗ. ಯೊನಸಾನಿ ಎರೆಮಿಯಾನ ಮಗ. ಎರೆಮಿಯಾ ಬುಲೆಮೆಜಿ ಸೀಮೆಯ ಕಿವಂಗುಲದ ಮಣ್ಣಲ್ಲಿ ಮಲಗಿದಾನೆ. ನಮ್ಮದು ಅಣಬೆ ಬೆಡಗು!"

ಅಲ್ಲಿಂದ ಮೇಲಿನ ಹಿರಿಯರ ಹೆಸರುಗಳನ್ನೂ ಅವನು ಒಂದೇ ಉಸಿರಿನಲ್ಲಿ ಹೇಳುತ್ತ ಹೋದ. ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ನಾನು ನಾಲೊಂಗೊಳ ಮುಖ ನೋಡುತ್ತಿದ್ದೆ. ಅವಳ ಕಿವಿ ಎರೆಮಿಯಾನ ಹೆಸರಿನಲ್ಲೇ ನಿಂತುಬಿಟ್ಟಿತ್ತು.

"ಯಾವ ಎರೆಮಿಯಾ? ಕಿವಂಗುಲದ ಕುಂಟ ಎರೆಮಿಯಾನಾ? ಪಾದ್ರಿಯ ಸೈಕಲ್ ತಗೊಂಡು ಹೋಗಿ ಬಾವಿಗೆ ಬಿದ್ದೋನು?"

ಡಾನ್ ಝಾಕಿಯ ಬಾಯಿ ಅರ್ಧ ತೆರೆದುಕೊಂಡಿತು. "ನಿನಗೆ ಹೇಗೆ ಗೊತ್ತು?"

"ಎರೆಮಿಯಾನ ಕೊನೆ ತಮ್ಮ ಯೊಸಿಯಾ. ನಾನು ಯೊಸಿಯಾನ ಮಗಳು ಪೆರೂಸಿ. ನಿನ್ನಪ್ಪ ಯೊನಸಾನಿ ನನಗೆ ಅಣ್ಣ ಆಗ್ಬೇಕು. ಅವನ ಹೆಣ ಮಣ್ಣು ಮಾಡಿದ ದಿನ ನಾನು ಅಲ್ಲಿದ್ದೆ. ನೀನು ಬರಲಿಲ್ಲ. ದುಬೈನಲ್ಲಿ ಏನೋ ಶೋ ಇತ್ತಂತೆ; ಆ ಝಕರಿಯಾನೇ ಈ ಡಾನ್ ಅಂತ ನನಗೆ ಈಗಷ್ಟೇ ಗೊತ್ತಾಯ್ತು."

ಮಾರುಕಟ್ಟೆಯ ಹೆಂಗಸರು ಒಟ್ಟಿಗೆ ಸಂಭ್ರಮದ ಕೂಗು ಹಾಕಿದರು. ಆ ಸದ್ದಿಗೆ ನನ್ನ ಹೆಡ್‌ಫೋನು ಗುಂಯ್‌ಗುಟ್ಟಿತು. ಕ್ಯಾಮೆರಾ ಹಿಡಿದಿದ್ದ ಒಕೆಲ್ಲೊ ಉತ್ತರದ ಕಡೆಯ ಅಚೋಲಿ ಜನದವನು. ಅವನು ಹೆಡ್‌ಫೋನಿನಲ್ಲಿ ಪಿಸುಗುಟ್ಟಿದ: "ಏನಾಯ್ತು ಎದಿಸಾ? ಯಾಕೆ ಎಲ್ರೂ ಕಿರುಚ್ತಿದಾರೆ?"

"ನಾಲೊಂಗೊ ಅವನಿಗೆ ಸೆಂಗ ಆದಳು. ಅಪ್ಪನ ತಂಗಿ!"

"ಆದ್ರೆ?"

"ಗಂಡಸಾಗಲಿ ಹೆಂಗಸಾಗಲಿ, ಮಂಚದ ವಿಷಯ ಕೇಳೋ ಹಕ್ಕು ಸೆಂಗಗೆ ಮಾತ್ರ ಇರೋದು. ಕೇಳಿದ್ರೆ ಹೇಳ್ಲೇಬೇಕು. ಕ್ಯಾಮೆರಾ ಬಿಡಬೇಡ ಮಾರಾಯಾ!"

ಅಷ್ಟರಲ್ಲಿ ನಾಲೊಂಗೊ ಮೊಣಕಾಲಿನಿಂದ ಎದ್ದಿದ್ದಳು. ಸೊಂಟಪಟ್ಟಿ ಕಟ್ಟಿದ್ದ ಉದ್ದನೆಯ ಗೋಮೆಸಿ ಅಂಗಿಯ ನೆರಿಗೆ ಕೊಡವಿಕೊಂಡು ಅವನೆದುರು ನಿಂತಳು.

"ಸೆಂಗ ನೆಲದ ಮೇಲೆ, ನೀನು ಕುರ್ಚಿ ಮೇಲೆ. ಇದನ್ನೇನಾ ನಿಮ್ಮಜ್ಜ ಬೆತ್ತ ಹಿಡಿದು ಕಲಿಸಿದ್ದು?"

ಡಾನ್ ಝಾಕಿ ಕ್ಯಾಮೆರಾ ಕಡೆ ನೋಡಿದ, ಹೆಂಗಸರ ಕಡೆ ನೋಡಿದ. ಇವಳು ಯಾರೋ ಗೊತ್ತಿಲ್ಲ ಎನ್ನಬೇಕಾದರೆ ಈಗಷ್ಟೇ ಎದೆಯುಬ್ಬಿಸಿ ಹೇಳಿದ ಅಜ್ಜನನ್ನೇ ಅಲ್ಲಗಳೆಯಬೇಕು. ಕೋಟಿನ ಗುಂಡಿ ಬಿಚ್ಚಿಕೊಂಡು ಮೆಲ್ಲಗೆ ಚಾಪೆಯ ಮೇಲೆ ಕೂತ. ಕೂರಲು ಅಭ್ಯಾಸವಿಲ್ಲದ ಕಾಲು ಅತ್ತ ಇತ್ತ ಹೊರಳಿತು.

"ಜಾಹೀರಾತಿಗೆ ಹೋಗು," ಎಂದ ಮುವೊಂಗೆ ನನ್ನ ಹಿಂದಿನಿಂದ.

ನಾಲೊಂಗೊ ಕುರ್ಚಿಯನ್ನು ತಾನೂ ಮುಟ್ಟಲಿಲ್ಲ. ಚಾಪೆಯ ಮೇಲೆಯೇ ಕೂತು ಕೇಳಿದಳು: "ಝಕರಿಯಾ, ಸೆಂಗ ಕೇಳ್ತಿದೀನಿ. ಈ ಹುಡುಗೀನ ನೀನು ಲಾಡ್ಜಿಗೆ ಕರೆದೆಯೋ ಇಲ್ವೋ?"

"ಎದಿಸಾ! ಜಾಹೀರಾತು ಅಂದೆ! ಕೆಲಸ ಬೇಕೋ ಬೇಡ್ವೋ ನಿನಗೆ?"

ಬೇಕಿತ್ತು. ಎರಡು ಮಕ್ಕಳಿರುವವಳಿಗೆ ಆ ಪ್ರಶ್ನೆ ಕೇಳುವ ಅಗತ್ಯವೇ ಇರಲಿಲ್ಲ. ಜಾಹೀರಾತಿನ ಗುಂಡಿ ನನ್ನ ಬೆರಳಿನ ಕೆಳಗೇ ಇತ್ತು. ನಾನು ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಮುವೊಂಗೆ ಬಗ್ಗಿ ತಾನೇ ಒತ್ತಲು ಬಂದ. ನಾನು ಕುರ್ಚಿಯನ್ನು ಅಡ್ಡಕ್ಕೆ ಎಳೆದುಕೊಂಡೆ. ನನ್ನ ಮೇಲೆ ಬೀಳದೆ ಅವನ ಕೈ ಅಲ್ಲಿಗೆ ಮುಟ್ಟುವಂತಿರಲಿಲ್ಲ.

"ಸೆಂಗಾ," ಎನ್ನುತ್ತಿದ್ದ ಡಾನ್ ಝಾಕಿ, ದನಿ ತಗ್ಗಿಸಿ. "ಮನೆ ಮಾತು ಮನೇಲಿ ಆಡೋಣ. ಇಷ್ಟು ಜನರ ಮುಂದೆ ಬೇಡ."

"ಇಲ್ಲ ಅನ್ನು, ಮುಗೀತು. ಒಂದೇ ಮಾತು. ಕರೀಲಿಲ್ಲ ಅನ್ನು."

ಅವನು ಅನ್ನಲಿಲ್ಲ. ಚಾಪೆಯ ಅಂಚಿನ ಎಳೆಯೊಂದನ್ನು ಕೀಳುತ್ತ ಕೂತ. ಹಿಂದಿನ ಸಾಲಿನಿಂದ ಟೊಮೆಟೊ ಮಾರುವ ಹೆಂಗಸೊಬ್ಬಳು ಕೂಗಿದಳು: "ಅಯ್ಯೋ, ಡಾನ್ ನಾಲಿಗೇನ ಇಲಿ ತಿಂತಾ?"

ನಾಲೊಂಗೊ ಶನೀತಾಳ ಕಡೆ ತಿರುಗಿದಳು. "ಮಗಾ, ನೀನು ಯಾರಲ್ಲೂ ಕ್ಷಮೆ ಕೇಳಬೇಕಾಗಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಶನೀತಾ ತಟ್ಟಲಿಲ್ಲ. ಅವಳು ಧನ್ಯವಾದ ಹೇಳುತ್ತಾಳೆ ಎಂದು ನಾನು ಕಾಯುತ್ತಿದ್ದೆ.

"ನ್ಯಾಬೊ ಅಮ್ಮಾ, ಒಂದು ಕೇಳ್ಲಾ? ಇವರು ಬೇರೆ ಬೆಡಗಿನವರಾಗಿದ್ದಿದ್ರೆ? ಆಗ ನಾನು ಈ ಹೊತ್ತಿಗೆ ಸುಳ್ಳು ಹೇಳ್ದೆ ಅಂತಿದ್ದೆ, ಅಲ್ವಾ?"

ಚಪ್ಪಾಳೆ ನಿಂತಿತು. ನಾಲೊಂಗೊ ಚಾಪೆಯ ಮೇಲೆ ಅವಳ ಕಡೆಗೆ ಸರಿದು ಕೂತಳು.

"ಇರಬಹುದು," ಎಂದಳು. "ನನ್ನ ಹತ್ರ ಬೇರೆ ಏನೂ ಇರಲಿಲ್ಲ."

"ನಾನು ಹೇಳಿದ್ದು ನಿಜ ಅನ್ನೋದಿತ್ತಲ್ಲ," ಎಂದಳು ಶನೀತಾ.

ಹೊತ್ತು ಮುಗಿದಿತ್ತು. ನಾನು ಜಾಹೀರಾತಿನ ಗುಂಡಿ ಒತ್ತಿದೆ. ಹೊಟ್ಟೆನೋವಿನ ಪುಡಿಯವನು ತೆರೆಯ ಮೇಲೆ ಬಂದು ನಗತೊಡಗಿದ.

ಮುವೊಂಗೆ ಅರ್ಧ ಗಂಟೆ ಕಿರುಚಾಡಿದ. ಮೇಜು ಖಾಲಿ ಮಾಡು ಎಂದ ನನಗೆ. ಅಷ್ಟರಲ್ಲಿ ಅವನ ಫೋನು ಬಡಿದುಕೊಳ್ಳತೊಡಗಿತು. ಡಾನ್ ಝಾಕಿ ಚಾಪೆಗೆ ಇಳಿದ ವಿಡಿಯೊ ತುಣುಕು ಟ್ಯಾಕ್ಸಿ ನಿಲ್ದಾಣದಿಂದ ಹಿಡಿದು ಪಾರ್ಲಿಮೆಂಟಿನ ಕ್ಯಾಂಟೀನಿನವರೆಗೆ ಓಡಾಡುತ್ತಿತ್ತು. ಸಂಜೆಯ ಹೊತ್ತಿಗೆ ಸೋಪಿನವರು ಮತ್ತೆ ಫೋನು ಮಾಡಿದರು. ಎಣ್ಣೆಯವರೂ ಮಾಡಿದರು.

ಮರುದಿನ ಅವನು ನಮ್ಮಿಬ್ಬರನ್ನೂ ಕರೆಸಿ ಸಮೋಸ ತರಿಸಿದ. "ನನಗೆ ಮೊದ್ಲೇ ಅನ್ನಿಸಿತ್ತು," ಎಂದ. "ಇನ್ಮೇಲೆ ವಾರಕ್ಕೊಬ್ಬ ಗಂಡಸನ್ನ ತರೋಣ. ನಾಲೊಂಗೊ ಅವನ ಸೆಂಗ ಆಗಿ ಕಿವಿ ಹಿಂಡಲಿ. ಬೆಡಗು ಯಾವುದಾದ್ರೇನು, ನಾಟಕ ತಾನೇ? ಕೈಯಲ್ಲಿ ಒಂದು ಕೋಲು ಇದ್ರೆ ಇನ್ನೂ ಚೆನ್ನ. ಮುದುಕಿ ಬೈಯೋದು ನೋಡೋಕೆ ಜನಕ್ಕೆ ಭಾರೀ ಮಜಾ!"

"ಮುಂದಿನ ವಾರ ಶನೀತಾ," ಎಂದಳು ನಾಲೊಂಗೊ. "ಅವಳೊಬ್ಬಳೇ. ಕುರ್ಚಿ ಮೇಲೆ."

"ಅವಳ ಕಥೆ ಮುಗೀತಲ್ಲ! ಗೆದ್ದಳಲ್ಲ!"

"ಅವಳ ಬಾಯಿಂದ ಇನ್ನೂ ಏನೂ ಬಂದಿಲ್ಲ. ಅಷ್ಟು ಹೊತ್ತೂ ನಾನೂ ಅವನೂ ನಮ್ಮಜ್ಜಂದಿರೂ ಮಾತಾಡಿದ್ವಿ."

"ಸರಿ, ಕಾಲು ಗಂಟೆ. ಉಳಿದದ್ದು ಕೋಲು."

ನಾನು ಸಮೋಸದ ತಟ್ಟೆಯನ್ನು ಅವನ ಕಡೆಗೇ ಸರಿಸಿದೆ. "ಪೂರ್ತಿ ಕಾರ್ಯಕ್ರಮ, ಸೆಬೊ. ಫುಟ್‌ಬಾಲ್‌ನವರು ಒಯ್ದ ದೀಪಗಳೂ ವಾಪಸ್ ಬರಬೇಕು."

"ನೀನು ನಿನ್ನೆ ಕೆಲಸ ಕಳ್ಕೊಂಡವಳು, ಎದಿಸಾ."

"ಹಾಗಾದ್ರೆ ಸೋಪಿನವರಿಗೆ ನೀವೇ ಹೇಳಿ, ಚಾಪೆ ಸುತ್ತಿಟ್ಟಾಯ್ತು ಅಂತ. ಇವಳು ಕೂರಲ್ಲ, ನಾನು ನಡೆಸಲ್ಲ."

ನಾಲೊಂಗೊ ಆಗಲೇ ಎದ್ದು ಚೀಲ ಹೆಗಲಿಗೆ ಹಾಕಿಕೊಂಡಿದ್ದಳು. ಮುವೊಂಗೆ ಅವಳನ್ನು ನೋಡಿದ, ನನ್ನನ್ನು ನೋಡಿದ, ಮೇಜಿನ ಮೇಲೆ ಅಲುಗಾಡುತ್ತಿದ್ದ ಫೋನನ್ನು ನೋಡಿದ. "ಒಂದು ವಾರ," ಎಂದ. "ಒಂದೇ ವಾರ. ಜನ ನೋಡದಿದ್ರೆ ನೀವಿಬ್ಬರೂ ಮನೆಗೆ."

"ಆಗಲಿ," ಎಂದೆವು.

ಹೊರಗಿನ ಮೆಟ್ಟಿಲಲ್ಲಿ ನಿಂತು ಶನೀತಾಗೆ ಫೋನು ಮಾಡಿದೆ. ವಿಷಯ ಹೇಳಿದೆ. ಆ ಕಡೆ ಯಾರೋ ಪಾತ್ರೆ ತೊಳೆಯುತ್ತಿರುವುದು ಕೇಳಿಸುತ್ತಿತ್ತು.

"ಮಧ್ಯದಲ್ಲಿ ನನಗೆ ಅಳು ಬಂದ್ರೆ, ಕ್ಯಾಮೆರಾ ಹತ್ರ ತರ್ತೀರಾ?"

ನಾನು ನಾಲೊಂಗೊಳ ಮುಖ ನೋಡಿದೆ. ಎಷ್ಟೋ ಗುರುವಾರ ಅಳುವವರ ಮುಖದ ಹತ್ತಿರಕ್ಕೆ ನಾವು ಕ್ಯಾಮೆರಾ ತಂದಿದ್ದೆವು.

"ಇಲ್ಲ," ಎಂದೆ. "ಇದ್ದ ಕಡೇನೇ ಇರುತ್ತೆ."

"ಹಾಗಾದ್ರೆ ಬರ್ತೀನಿ," ಎಂದಳು ಶನೀತಾ. "ಎಷ್ಟು ಗಂಟೆಗೆ?"